ಶಾಲ್ವಾನ ಕೊನೆಯ ಗುಡಾಣ

ಮಕ್ವಾಲಾ ಕುಳ್ಳಿ. ದ್ರಾಕ್ಷಿ ಬೆಳೆಯುವ ಕಖೇತಿ ಸೀಮೆಯ ಆ ಮನೆಗೆ ಸೊಸೆಯಾಗಿ ಬಂದ ವರ್ಷವೇ ಅತ್ತೆ ಅವಳನ್ನು ನೆಲದಲ್ಲಿ ಹೂತ ವೈನಿನ ಗುಡಾಣದೊಳಗೆ ಇಳಿಸಿದ್ದಳು, ತಿಕ್ಕಿ ತೊಳೆಯಲು. ಮೂವತ್ತೊಂದು ವರ್ಷ ತೊಳೆದಳು. ರುಚಿ ನೋಡುವುದು ಗಂಡ ಶಾಲ್ವಾನ ಕೆಲಸ. ಅವನು ವೈನು ಕುಡಿಯುತ್ತಿರಲಿಲ್ಲ, ಅಗಿಯುತ್ತಿದ್ದ. ನೀರು ಬಾಯಲ್ಲಿ ನಿಲ್ಲುವುದಿಲ್ಲ, ಕೆನೆಹಾಲು ನಿಲ್ಲುತ್ತದೆ. ವೈನಿಗೂ ಹಾಗೊಂದು ತೂಕ ಬೇಕು, ಅದರ ಒಗರು ಒಸಡನ್ನು ಹಿಡಿಯಬೇಕು, ಆಮೇಲೆ ಬಿಡಬೇಕು ಎನ್ನುತ್ತಿದ್ದ. ಅವಳು ಬಟ್ಟೆ ಹಿಂಡುತ್ತಾ ಹೂಂ ಅನ್ನುತ್ತಿದ್ದಳು.

ಆ ಸಲದ ಸುಗ್ಗಿಯಲ್ಲೂ ಶಾಲ್ವಾ ಸಿಪ್ಪೆ ಸಮೇತ ದ್ರಾಕ್ಷಿ ರಸ ತುಂಬಿ ಗುಡಾಣ ಮುಚ್ಚಿದ. ಕ್ರಿಸ್‌ಮಸ್ ಕಳೆದ ಮೇಲೆ ಸತ್ತ.

ಈಸ್ಟರ್ ಮಾರನೆಯ ದಿನ ಸತ್ತವರ ಗೋರಿಗೆ ಮನೆಯ ವೈನೇ ಎರೆಯಬೇಕು, ಅದು ಅಲ್ಲಿಯ ಪದ್ಧತಿ. ಅದಕ್ಕೆ ಹತ್ತು ದಿನ ಇದ್ದಾಗ ಮೈದುನ ಜುಂಬರ್ ಬಂದು ಮುಚ್ಚಳ ತೆಗೆದ. ಅವನಿಗೆ ನೆಗಡಿ, ನಾಲಿಗೆ ಸತ್ತಿತ್ತು. ರುಚಿ ನೋಡುವ ಬಟ್ಟಲು ಮಕ್ವಾಲಾಳ ಕೈಗೆ ಬಂತು.

ನಾಲಿಗೆಗೆ ಮರಳು ಸವರಿದ ಹಾಗಾಯಿತು. ಒಗರು ಬಿಟ್ಟರೆ ಬೇರೇನೂ ಇಲ್ಲ. ಕೆಟ್ಟಿದೆ ಅಂದಳು.

"ಹಾಗಾದ್ರೆ ಭಟ್ಟಿ ಇಳಿಸೋಣ ಅತ್ತಿಗೆ. ಸಾರಾಯಿನಾದ್ರೂ ಆಗುತ್ತೆ. ಗೋರಿಗೆ ನಮ್ಮನೇದು ತರ್ತೀನಿ."

"ನಿಮ್ಮನೇದನ್ನ ಅವರು ಬದುಕಿದ್ದಾಗ್ಲೇ ಉಗೀತಿದ್ರು."

ನಿಜವಾದ್ದರಿಂದ ಜುಂಬರ್ ಸಿಟ್ಟಾಗಲಿಲ್ಲ. ಭಟ್ಟಿಯ ಹಂಡೆ ತರಲು ಹೋದ.

ಅವಳು ಬಾಯಿ ಮುಕ್ಕಳಿಸಿ, ಬಟ್ಟಲು ತೊಳೆದು ಅದರಲ್ಲೇ ನೀರು ಕುಡಿದಳು. ನೀರೂ ಒಗರಾಗಿತ್ತು. ಇನ್ನೊಂದು ಗುಟುಕು ಕುಡಿದಳು. ಅದೂ ಹಾಗೇ.

ನೀರಿಗೆ ಒಗರು ಎಲ್ಲಿಂದ ಬರಬೇಕು? ಶಾಲ್ವಾ ಹೋದ ಮೇಲೆ ಅವಳಿಗೆ ಅನ್ನ ಆಹಾರ ಸೇರುತ್ತಿರಲಿಲ್ಲ. ಈಸ್ಟರ್ ಮುಂಚಿನ ಉಪವಾಸ ಹಿಡಿದ ಮೇಲಂತೂ ಅಕ್ರೋಟು, ಹಾಲಿಲ್ಲದ ಕಡು ಚಹಾ, ಅಷ್ಟೇ. ಎರಡೂ ಒಗರು. ಕೆಟ್ಟಿದ್ದು ವೈನಲ್ಲ, ಬಾಯಿ.

ಜುಂಬರ್ ಹಂಡೆ ಹೊತ್ತು ಬಂದಾಗ ಎರಡು ದಿನ ತಡೆ ಎಂದಳು. ಅತ್ತಿಗೆಗೆ ತಲೆ ಕೆಟ್ಟಿದೆ ಎಂದು ಅವನು ಬೇಲಿಯಾಚೆಯವರಿಗೆ ಕೇಳುವಂತೆ ಹೇಳಿದ. ಅವಳು ಎರಡು ದಿನ ಚಹಾ ಮುಟ್ಟಲಿಲ್ಲ. ಬೇಯಿಸಿದ ಹುರುಳಿಕಾಯಿ ಬೀಜ, ರೊಟ್ಟಿ ತಿಂದಳು. ಸೇರದಿದ್ದರೂ ತಿಂದಳು.

ಮೂರನೆಯ ಬೆಳಗ್ಗೆ ಮತ್ತೆ ಬಟ್ಟಲು ಎತ್ತಿದಳು. ನುಂಗಲಿಲ್ಲ, ಅಗಿದಳು. ವೈನು ಕೆನ್ನೆ ತುಂಬಿ ನಿಂತಿತು. ಒಸಡನ್ನು ಹಿಡಿಯಿತು, ಬಿಟ್ಟಿತು. ನುಂಗಿದ ಮೇಲೂ ತುಂಬ ಹೊತ್ತು ಬಾಯಲ್ಲೇ ಇತ್ತು.

"ಹಂಡೆ ವಾಪಸ್ ತಗೊಂಡ್ಹೋಗು," ಎಂದು ಜುಂಬರನಿಗೆ ಹೇಳಿದಳು. "ಬರೋವಾಗ ಹೂಜಿ ತಾ."

ಮೊದಲ ಹೂಜಿ ಗೋರಿಗೆ ಹೋಯಿತು. ಉಳಿದದ್ದನ್ನು ಸೋಸಿ ಬೇರೆ ಗುಡಾಣಕ್ಕೆ ತುಂಬಿದರು. ಖಾಲಿಯಾದದ್ದರೊಳಗೆ ಮಕ್ವಾಲಾ ಇಳಿದು ತೊಳೆದಳು. ಸುಗ್ಗಿಗೆ ಇನ್ನೂ ಐದು ತಿಂಗಳಿತ್ತು, ಈ ಸಲ ರುಚಿ ನೋಡುವ ಕೆಲಸವೂ ಅವಳದೇ.