ಖಾರ ಹತ್ತದ ಕೈ

ಖಾರ ಕುಟ್ಟುವ ಗಿರಣಿಯ ಬೆಲ್ಟಿಗೆ ನನ್ನ ಬಲಗೈ ಸಿಕ್ಕಾಗ ಎಂಬತ್ತರ ದಶಕ ಮುಗಿಯುತ್ತಿತ್ತು, ನನಗೆ ಇಪ್ಪತ್ತೆರಡು ವರ್ಷ. ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಹೋದವು. ತಪ್ಪು ಬೇರೆ ಯಾರದೂ ಅಲ್ಲ; ಸೆರಗು ಸಿಕ್ಕಿಸಿಕೊಳ್ಳದೆ ಬಗ್ಗಿದವಳು ನಾನೇ. ಆದರೆ ಬ್ಯಾಡಗಿಯಲ್ಲಿ ಆ ಮೂರು ಬೆರಳಿಲ್ಲದ ಹೆಣ್ಣಿಗೆ ಕೆಲಸವೆಲ್ಲಿ? ನಮ್ಮ ಓಣಿಯ ಹೆಂಗಸರೆಲ್ಲ ಮೆಣಸಿನಕಾಯಿಯ ತೊಟ್ಟು ಬಿಡಿಸಿಯೇ ಹೊಟ್ಟೆ ಹೊರೆಯುವವರು. ಎಡಗೈಯಲ್ಲಿ ಕಾಯಿ ಹಿಡಿದು ಬಲಗೈಯಿಂದ ತೊಟ್ಟು ಮುರಿಯಬೇಕು. ನನ್ನ ಅವ್ವನೂ ಅದೇ ಕೆಲಸದವಳು.

ಭಾನುವಾರ ಬಸ್ಸು ಹತ್ತಿ ರಾಣೇಬೆನ್ನೂರಿನ ಕ್ರೈಸ್ತ ಸಭೆಗೆ ಹೋಗುತ್ತಿದ್ದೆವು. ದೇವರು ತಮಗೇನು ಮಾಡಿದನೆಂದು ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳುವುದು ಅಲ್ಲಿಯ ರೂಢಿ. ನನ್ನ ಗಾಯ ಮಾಯುವ ಮೊದಲೇ ಒಬ್ಬ ಹಿರಿಯಳು ಮೊಣಕೈ ತಿವಿದಳು.

"ಏಳವಾ, ಜೀವ ಉಳಿಸ್ಯಾನ ಅಂತ ಸಾಕ್ಷಿ ಹೇಳು."

ಸಿಟ್ಟು ನೆತ್ತಿಗೇರಿತು. "ಬೆರಳು ತಿರುಗಿ ಕೊಡ್ತಾನೇನು ಕೇಳ್ರಿ, ಆಮ್ಯಾಲೆ ಏಳ್ತೀನಿ" ಎಂದೆ. ಅವ್ವ ತೊಡೆ ಚಿವುಟಿದಳು.

ಹೊರಡುವಾಗ ಸಭಾಪಾಲಕರ ಹೆಂಡತಿ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡರು. "ಸುಳ್ಳ ಸಾಕ್ಷಿ ಹೇಳಬ್ಯಾಡ. ಆದ್ರ ಬರೋದು ಬಿಡಬ್ಯಾಡ. ದೇವರ ಕೂಡ ಜಗಳಾ ಆಡಾಕರ ಬಾ."

ನಾನು ಹಾಗೇ ಮಾಡಿದೆ. 'ಈ ಮೋಟು ಕೈ ಇಟ್ಟುಕೊಂಡು ನಾನು ಯಾರಿಗೆ ಬೇಕು, ಹೇಳು.' ಎಷ್ಟೋ ತಿಂಗಳು ಅದೊಂದೇ ನನ್ನ ಪ್ರಾರ್ಥನೆ.

ಮನೆಯಲ್ಲಿ ಕೂತು ಕೂತು ತಲೆ ಕೆಟ್ಟು, ಅವ್ವನಿಗೆ ಬುತ್ತಿ ಒಯ್ಯುವ ನೆಪದಲ್ಲಿ ಕಾಯಿ ಬಿಡಿಸುವ ಶೆಡ್ಡಿಗೆ ಹೋಗತೊಡಗಿದೆ. ಅಲ್ಲಿ ಬೇವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ ಕೂಸುಗಳನ್ನು ಮಲಗಿಸುತ್ತಿದ್ದರು. ಒಂದು ದಿನ ಐರಣಿ ಕಡೆಯಿಂದ ಬಂದ ಹೊಸಬಳೊಬ್ಬಳು, ಕೂಸು ಅತ್ತಿತೆಂದು ಓಡಿಹೋಗಿ, ತೊಟ್ಟು ಮುರಿದ ಕೈಯಿಂದಲೇ ಅದರ ಕಣ್ಣೀರು ಒರೆಸಿಬಿಟ್ಟಳು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವವರು ಆ ಕೂಸಿನ ಚೀರಾಟ ಕೇಳಬೇಕಿತ್ತು. ಹೆಂಗಸರೆಲ್ಲ ಎದ್ದು ಬಂದರು, ಆದರೆ ಎಲ್ಲರ ಕೈಯಲ್ಲೂ ಖಾರ. ಸಾಬೂನು ಹಚ್ಚಿ ತಿಕ್ಕಿದರೂ ಸಂಜೆಯವರೆಗೆ ಬಿಡದ ಖಾರ ಅದು. ಮುಟ್ಟಲು ಯಾರಿಗೂ ಧೈರ್ಯವಿಲ್ಲ.

"ನನ್ನ ಕೂಸಿನ ಕಣ್ಣು ಹೋಕ್ಕಾವೇನವಾ!" ಎಂದು ತಾಯಿ ಎದೆ ಬಡಿದುಕೊಂಡಳು.

ಬುತ್ತಿ ಹಿಡಿದು ನಿಂತಿದ್ದ ನನ್ನತ್ತ ಅವ್ವ ಕೂಗಿದಳು. "ಏ, ನಿನ್ನ ಕೈಯಾಗ ಖಾರ ಇಲ್ಲಲ್ಲ! ಲಗೂ ಎತ್ತಿಕೋ!"

ಮೋಟು ಕೈಯನ್ನು ಕೂಸಿನ ತಲೆಗೆ ಆನಿಸಿ ಎಡಗೈಯಿಂದ ಕಣ್ಣಿಗೆ ನೀರು ಬಿಟ್ಟೆ. ಒಂದು ಕೊಡ ಮುಗಿಯಿತು, ಇನ್ನೊಂದು ತಂದರು. ಎಷ್ಟೋ ಹೊತ್ತಿನ ಮೇಲೆ ಕೂಸು ಕೆಂಪು ಕಣ್ಣು ತೆರೆದು ನನ್ನ ಮುಖ ನೋಡಿತು. ನಾನು ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತೆ. ಬೆರಳು ಹೋದ ದಿನವೂ ಅಷ್ಟು ಅತ್ತಿರಲಿಲ್ಲ.

ಮರುದಿನ ನೆಪ ಬೇಕಾಗಲಿಲ್ಲ. ಎಲ್ಲರಿಗಿಂತ ಮೊದಲೇ ಹೋಗಿ ಬೇವಿನ ಮರದಡಿ ಕೂತೆ. "ಕೂಸುಗಳ್ನ ನನ್ನ ಕಡೆ ಬಿಡ್ರಿ" ಎಂದೆ.

"ಈ ಮೋಟಗೈಯಾಕಿ ಏನ್ ಕಾಯ್ತಾಳ?" ಎಂದು ಶೆಡ್ಡಿನ ಸಾಹುಕಾರ ನಕ್ಕ. ತಾಯಂದಿರು ನಗಲಿಲ್ಲ. ಅಂದಿನಿಂದ ಅವರೆಲ್ಲರ ಬುತ್ತಿಯಲ್ಲೂ ನನಗೊಂದು ರೊಟ್ಟಿ ಇರುತ್ತಿತ್ತು. ಹನ್ನೊಂದು ವರ್ಷ ಆ ಮರದಡಿ ಕೂತೆ.

ಮರದಡಿ ಕೂತ ಆ ಮೊದಲ ವಾರವೇ ರಾಣೇಬೆನ್ನೂರಿನ ಸಭೆಯಲ್ಲಿ ಯಾರೂ ತಿವಿಯದೆ ಎದ್ದು ನಿಂತೆ. ಮೋಟು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳುವುದೂ ಮರೆತುಹೋಗಿತ್ತು.

"ಬೆರಳು ಯಾಕ ಹೋದ್ವು ಅಂತ ದೇವರು ಇನ್ನೂ ಹೇಳಿಲ್ರಿ. ನಾನೂ ಕೇಳೋದು ಬಿಟ್ಟಿಲ್ಲ. ಆದ್ರ ನಾ ಯಾರಿಗೆ ಬೇಕು ಅಂತ ಕೇಳಿದ್ದೆ. ಅದಕ್ಕ ಹೇಳ್ಯಾನ. ಏಳು ಕೂಸು ಅದಾವ್ರಿ. ನಾಳೆ ಲಗೂ ಹೋಗಬೇಕು" ಎಂದು ಹೇಳಿ ಕೂತೆ.