ಸಿನಿಮಾದ ಹೆಸರಿನ ಪರೀಕ್ಷೆ

ನೆಯ್ಬಾನ್ ದಿನಾ ಬೆಳಗಿನ ದೋಣಿ ಹತ್ತಿ ಇಬಾಯ್ ದ್ವೀಪದಿಂದ ಅಮೆರಿಕನ್ನರ ಕ್ವಾಜಲೀನ್ ಕ್ಷಿಪಣಿ ನೆಲೆಗೆ ಹೋಗಿ, ಅಲ್ಲಿನ ಬಯಲು ಚಿತ್ರಮಂದಿರ ಗುಡಿಸುತ್ತಿದ್ದಳು. ಕೆಲಸದವರೆಲ್ಲ ಸಂಜೆಯ ದೋಣಿಯಲ್ಲಿ ಇಬಾಯ್‌ಗೆ ಮರಳಲೇಬೇಕು. ಚಿತ್ರ ಶುರುವಾಗುವುದು ಆಮೇಲೆ. ಹಾಗಾಗಿ ಅಲ್ಲಿ ಒಂದು ಚಿತ್ರವನ್ನೂ ಅವಳು ನೋಡಿರಲಿಲ್ಲ.

ಅವಳ ತಾಯಿ ಲಿಮಿಜ್ವಾ ಹುಟ್ಟಿದ್ದು ಈ ದ್ವೀಪಗಳು ಸುತ್ತುವರಿದ ಹವಳದ ಕೊಳದ ನಡುಭಾಗದ ಒಂದು ಕಿರುದ್ವೀಪದಲ್ಲಿ. ಕ್ಷಿಪಣಿ ಬೀಳುವ ಜಾಗವೆಂದು ಅಲ್ಲಿಯವರನ್ನೆಲ್ಲ ಎಬ್ಬಿಸಿ ಇಬಾಯ್‌ನ ತಗಡಿನ ಮನೆಗಳಿಗೆ ತುಂಬಿ ಎಷ್ಟೋ ವರ್ಷವಾಗಿತ್ತು. "ಸತ್ತ ಮೇಲಾದ್ರೂ ಅಲ್ಲಿ ನಮ್ಮಪ್ಪನ ಗೋರಿ ಪಕ್ಕ ಮಲಗಿಸು" ಎನ್ನುತ್ತಿದ್ದಳು ಮುದುಕಿ.

೧೯೮೪ರಲ್ಲಿ ಅವಳು ತೀರಿಕೊಂಡಳು. ನೆಲೆಯ ಕಚೇರಿಯಲ್ಲಿ ದುಭಾಷಿಯಾಗಿದ್ದ ಕೆಜಿನ್, ಹೆಣವನ್ನು ಕಿರುದ್ವೀಪಕ್ಕೆ ಒಯ್ಯಲು ಅನುಮತಿ ಕೇಳಿ ಬಂದ. ಅವನ ಮುಖ ನೋಡಿಯೇ ನೆಯ್ಬಾನ್‌ಗೆ ತಿಳಿಯಿತು.

"ಈ ವಾರ ಆಗಲ್ಲ ಅಕ್ಕ. ಯಾವ ದೋಣಿನೂ ಬಿಡಲ್ಲ. ಪರೀಕ್ಷೆ ಇದೆ."

"ಈ ಸಲ ಏನಂತೆ?"

"ಅದಕ್ಕೇನೋ ಉದ್ದ ಹೆಸರಿದೆ, ನನ್ನ ಬಾಯಿಗೇ ಬರಲ್ಲ. ಅವರೂ ಹಾಗನ್ನಲ್ಲ. ನಕ್ಷತ್ರಗಳ ನಡುವೆ ಯುದ್ಧ ಮಾಡೋ ಸಿನಿಮಾ ಇಲ್ವಾ, ಅದರ ಹೆಸರೇ ಹಿಡಿದು ಕರೀತಾರೆ. ಪೇಪರ್‌ನೋರು ಶುರು ಮಾಡಿದ್ದು. ಮೇಲಿಂದ ಬರೋ ಕ್ಷಿಪಣಿನ ಇನ್ನೊಂದು ಹೋಗಿ ಹೊಡೀಬೇಕಂತೆ."

"ಸಿನಿಮಾ ಆದ್ರೆ ಮಳೆ ಬಂದಾಗ ನಿಲ್ಲಿಸ್ತಾರಪ್ಪ. ಇದನ್ನ ಒಂದಿನ ನಿಲ್ಲಿಸೋಕಾಗಲ್ವಾ?"

ಕೆಜಿನ್ ನಗಲು ಹೋಗಿ ತಡೆದುಕೊಂಡ. "ಕೇಳ್ದೆ. ಆ ಸಾಹೇಬ ಒಳ್ಳೆಯೋನೇ, ಪಾಪ. ನನ್ನ ಕೈಲೇನಿಲ್ಲ ಅಂದ."

ಆ ಸೆಖೆಗೆ ಹೆಣ ಇಟ್ಟುಕೊಳ್ಳುವಂತಿರಲಿಲ್ಲ. ಮರುದಿನ ಇಬಾಯ್‌ನ ಇಕ್ಕಟ್ಟಿನ ಸ್ಮಶಾನದಲ್ಲಿ, ಗುರುತಿಲ್ಲದವರ ಗೋರಿಗಳ ನಡುವೆ ಮುದುಕಿಯನ್ನು ಮಣ್ಣು ಮಾಡಿದರು. ಅದೇ ವಾರ ಒಂದು ಸಂಜೆ ಆಕಾಶದಲ್ಲಿ ಬೆಳ್ಳಗಿನ ಗೆರೆಗಳು ಮೂಡಿದವು. ಕೇರಿಯ ಮಕ್ಕಳು ಆ ಸಿನಿಮಾದ ಹೆಸರು ಕೂಗುತ್ತ ದಂಡೆಗೆ ಓಡಿದರು. ಅವರನ್ನು ಗದರಿಸಲು ಹೊರಬಂದ ನೆಯ್ಬಾನ್ ಬಾಗಿಲು ಹಾಕಿಕೊಂಡು ಒಳಗೆ ಹೋದಳು.

ಪಕ್ಕದ ಮನೆಯ ನೆರ್ಜಿಯ ಬಳಿ ಆ ಚಿತ್ರದ ವಿಡಿಯೊ ಇತ್ತು. ಒಂದು ಭಾನುವಾರ ಅವಳೇ ಕರೆದು ಕೂರಿಸಿದಳು. ನೆಯ್ಬಾನ್‌ಗೆ ಚಿತ್ರ ಹಿಡಿಸಿತು. ಅದೇ ಅವಳಿಗೆ ಸಂಕಟವಾಯಿತು.

"ಅಲ್ಲ, ಒಡೆದು ಹೋದದ್ದೆಲ್ಲ ಎಲ್ಲಿ ಬೀಳತ್ತೆ?" ಎಂದು ಕೇಳಿದಳು.

"ಸುಮ್ನೆ ನೋಡು ಮಾರಾಯ್ತಿ" ಎಂದಳು ನೆರ್ಜಿ.

ತಿಂಗಳ ಕೊನೆಗೆ ಕಿರುದ್ವೀಪಕ್ಕೆ ಹೋಗಲು ಒಂದು ದಿನದ ಮಟ್ಟಿಗೆ ಅನುಮತಿ ಸಿಕ್ಕಿತು. ಹೂತ ತಾಯಿಯನ್ನು ಮತ್ತೆ ಎತ್ತಲು ಪಾದ್ರಿ ಒಪ್ಪಲಿಲ್ಲ. ತಾತನ ಗೋರಿಯನ್ನಾದರೂ ನೋಡಿ ಬರೋಣವೆಂದು ಅವಳು ಕೆಜಿನ್ ಜೊತೆ ಹೊರಟಳು. ಪೊದೆ ಆಳೆತ್ತರ ಬೆಳೆದಿತ್ತು. ಮಧ್ಯಾಹ್ನದವರೆಗೆ ಕಡಿದರೂ ತಾತನ ಗೋರಿ ಸಿಗಲಿಲ್ಲ. "ಹೊತ್ತಾಯ್ತು ಅಕ್ಕ" ಎಂದು ಕೆಜಿನ್ ಕರೆದಾಗ, ಕತ್ತಿ ಒರೆಸಿಕೊಂಡು ದೋಣಿ ಹತ್ತಿದಳು.