ಕೋರ್ ಫೈಲಿನ ಮಹಜರು

ಯುನಿಕ್ಸ್ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ದಿಢೀರನೆ ಸತ್ತರೆ, ಪ್ರಾಣ ಹೋಗುವಾಗ ಅದರ ತಲೆಯಲ್ಲಿದ್ದದ್ದೆಲ್ಲ ‘ಕೋರ್’ ಎಂಬ ಫೈಲಾಗಿ ಬಿದ್ದಿರುತ್ತದೆ. ಹೆಣವೆನ್ನಿ. ತುಮಕೂರಿನ ಗುಬ್ಬಿ ಗೇಟಿನಾಚೆ, ನಾನು ಕಂಪ್ಯೂಟರ್ ನೋಡಿಕೊಳ್ಳುವ ತೆಂಗಿನಕಾಯಿ ಮಂಡಿಯಲ್ಲಿ, ಈ ಹೆಣಕ್ಕೆ ದಿನಾ ಬೆಳಿಗ್ಗೆ ಅವಸರದ ಸಂಸ್ಕಾರ ನಡೆಯುತ್ತಿತ್ತು. ಹೆಣ ದೊಡ್ಡದು, ಡಿಸ್ಕ್ ಚಿಕ್ಕದು. ಜಾಗ ಸಾಲದೆ, ಕಾಯಿಯ ತೂಕ ಹಿಡಿದು ಬಿಲ್ಲು ಹಾಕುವ ತೂಕದ ಪ್ರೋಗ್ರಾಂ ನಿಂತುಬಿಡುತ್ತಿತ್ತು. ಹೊರಗೆ ಲಾರಿಗಳ ಹಾರನ್. ಫೈಲು ಅಳಿಸು, ಬಿಲ್ಲು ಕೊಡು, ಲಾರಿ ಕಳಿಸು. ಸತ್ತವರು ಯಾರೆಂದು ವಿಚಾರಿಸುವ ಪದ್ಧತಿಯೇ ಇರಲಿಲ್ಲ.

ನಿಂತದ್ದು ತೂಕದ ಪ್ರೋಗ್ರಾಂ. ಹಾಗಾಗಿ ಬೈಗುಳವೆಲ್ಲ ಅದನ್ನು ಬರೆದವಳಿಗೆ. ಆಕೆ ಕುಣಿಗಲ್‌ನಿಂದ ಬಸ್ಸಿನಲ್ಲಿ ಬರುವ ನನ್ನ ಸಹೋದ್ಯೋಗಿ.

“ಇನ್ನೊಂದ್ಸಲ ನಿಂತ್ರೆ ಕಿತ್ತಾಕ್ಸಿ ಬೇರೆಯವ್ರದ್ದು ಹಾಕಿಸ್ತೀನಿ ಕಣಮ್ಮ” ಎಂದರು ಮಂಡಿಯ ಸಾಹುಕಾರರು.

ಮರುದಿನ ನಿಂತೇ ನಿಂತಿತು.

“ಸರ್, ಬೇಗ ಅಳಿಸಿಬಿಡ್ಲಾ?” ಆಕೆಯ ಬೆರಳು ಆಗಲೇ ಕೀಲಿಮಣೆಯ ಮೇಲಿತ್ತು.

“ಕೈ ತೆಗಿಯಮ್ಮ. ಮಹಜರು ಆಗ್ದೆ ಹೆಣ ಎತ್ತಂಗಿಲ್ಲ” ಎಂದೆ.

“ಏನ್ರೀ ನಿಮ್ ಮಹಜರು! ಹುಲಿಯೂರುದುರ್ಗದ ಲಾರಿಯವ್ನು ಬಂದು ನಿಂತವ್ನೆ” ಎಂದು ಸಾಹುಕಾರರು ಒಳಗೇ ಬಂದರು.

ನಾನು ಗಂಭೀರವಾಗಿ ಕನ್ನಡಕ ಒರೆಸಿಕೊಂಡು ಎರಡೇ ಪದ ಒತ್ತಿದೆ: ‘ಫೈಲ್ ಕೋರ್’. ಇದು ಯಾವ ಜಾತಿಯ ಫೈಲು, ಯಾರದು ಎಂದು ಕೇಳುವ ಅಪ್ಪಣೆ. ಉತ್ತರ ಒಂದೇ ಸಾಲು: ಇದು ‘ಪಂಚಾಂಗ’ ಎಂಬ ಪ್ರೋಗ್ರಾಮಿನ ಕೋರ್.

ತೂಕದ್ದಲ್ಲ!

ರಾಹುಕಾಲದಲ್ಲಿ ಮೊದಲ ಬಿಲ್ಲು ಹರಿಯಬಾರದೆಂಬುದು ಮಂಡಿಯ ಕಟ್ಟುಪಾಡು. ಅದಕ್ಕಾಗಿ ಪರದೆಯ ಮೂಲೆಯಲ್ಲಿ ರಾಹುಕಾಲ ತೋರಿಸುವ ಪಂಚಾಂಗವೊಂದನ್ನು ಸಾಹುಕಾರರ ಅಳಿಯಂದಿರು ಬರೆದು, ಕಾಯಿ ಒಡೆದು ಪ್ರತಿಷ್ಠಾಪಿಸಿದ್ದರು. ಅನುಮಾನ ಉಳಿಯಬಾರದೆಂದು ತಪ್ಪು ಹುಡುಕುವ ಡಿಬಗ್ಗರ್ ಹಚ್ಚಿ, ಪ್ರಾಣ ಹೋದ ಜಾಗವನ್ನೂ ತೋರಿಸಿದೆ: ಸೂರ್ಯೋದಯ ಲೆಕ್ಕ ಹಾಕುವ ಸಾಲು. ದಿನಾ ಸಾಯುತ್ತಿದ್ದದ್ದು ಪಂಚಾಂಗ; ಅದರ ಹೆಣ ಜಾಗವೆಲ್ಲ ತುಂಬಿ, ನಿಲ್ಲುತ್ತಿದ್ದದ್ದು ತೂಕ.

ಸಾಹುಕಾರರು ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ಈಗ ಯಾವ್ದು ಕಿತ್ತಾಕೋದು ಸಾಹುಕಾರ್ರೇ?” ಆಕೆ ಬಲು ವಿನಯದಿಂದ ಕೇಳಿದಳು.

“ಪಂಚಾಂಗ ಗೋಡೆ ಮೇಲೆ ಐತಲ್ಲ, ಸಾಕು. ಇದ್ನ ತೆಗೀರಿ. ನಿಂದು ಇರ್ಲಿ ಬುಡಮ್ಮ.” ಆಮೇಲೆ ದನಿ ತಗ್ಗಿಸಿದರು. “ಅಳಿಯಂದ್ರಿಗೆ ಯಾರಾದ್ರೂ ನಿಧಾನಕ್ಕೆ ಹೇಳ್ರಪ್ಪ.”

“ತೂಕದ ಪ್ರೋಗ್ರಾಂ ನಂದು, ನಾನ್ ನೋಡ್ಕೋತೀನಿ. ಅಳಿಯ ನಿಮ್ಮೋರು” ಎಂದು ಆಕೆ ಹೆಣ ಅಳಿಸಿ, ಹುಲಿಯೂರುದುರ್ಗದ ಲಾರಿಯ ಬಿಲ್ಲನ್ನು ಟರ್ರನೆ ಹರಿದು ಅವರ ಕೈಗೇ ಕೊಟ್ಟಳು.